ದಾಕ್ಷಿಣ್ಯ ಬಿಡಿಸುವ ಇಂಗ್ಲಿಷ್ ಟೀಚರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊಯಿನ್ ಕಾಲುವೆಯ ದಂಡೆಗೆ ಕಟ್ಟಿದ ಹಳೇ ದೋಣಿಯೊಂದರ ನಡುವೆ ದಪ್ಪ ಮೈಕಟ್ಟಿನ ಹೆಂಗಸೊಬ್ಬರು ಎದ್ದು ನಿಂತಿದ್ದಾರೆ. ತಲೆಗೆ ಹಳದಿ ವಸ್ತ್ರ, ಕಾಲಿಗೆ ರಬ್ಬರ್ ಬೂಟು, ಕಣ್ಣಿಗೆ ಯಾರೋ ಪ್ರವಾಸಿ ಮರೆತುಹೋದ ಗುಲಾಬಿ ಚೌಕಟ್ಟಿನ ತಂಪು ಕನ್ನಡಕ. ಮರದ ಕಡೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ರಾಗ ಎಳೆಯುತ್ತಾರೆ: "ಅಯ್ಯೋ, ಎಷ್ಟು ಮುದ್ದಾಗಿದೆ ಆ ಹಕ್ಕಿ! ನಿಂತ್ಕೊಂಡು ಒಂದು ಫೋಟೋ ತೆಗೀಲಾ? ಒಂದೇ ಒಂದು?"

ಎಂಜಿನ್ ಪಕ್ಕ ಕೂತ ಟಾನೊ ಎಂಬ ತರುಣ ಬೆವರುತ್ತಾನೆ. ಉತ್ತರ ಅವನಿಗೆ ಗೊತ್ತು. ಆದರೆ ಬಾಯಿಂದ ಬರುವುದು ಬೇರೆ. "ಮೇಡಂ, ತಮಗೆ ತೊಂದರೆ ಆಗಲ್ಲ ಅಂದ್ರೆ, ಮನಸ್ಸಿದ್ರೆ, ಒಂಚೂರು ಕೂತ್ಕೊಂಡ್ರೆ..." ಮಾತು ಮುಗಿಯುವಷ್ಟರಲ್ಲಿ ಹೆಂಗಸು ಎರಡೂ ಕಾಲು ಅಗಲಿಸಿ ದೋಣಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜೋಲಿ ಹೊಡೆಸುತ್ತಾರೆ. ಟಾನೊ ಕೆಸರು ನೀರಿಗೆ ಬೀಳುತ್ತಾನೆ. ದಂಡೆಯ ಮೇಲೆ ಕಾದು ಕೂತವರೆಲ್ಲ ಕೇಕೆ ಹಾಕುತ್ತಾರೆ.

"ಟೀಚರ್, ಪ್ಯಾಂಟು ನಿನ್ನೆ ತಾನೇ ಒಗೆದಿದ್ದು!" ಟಾನೊ ನೀರೊಳಗಿಂದಲೇ ಗೋಳಾಡುತ್ತಾನೆ.

"ಬಾಯಿಗೆ ಬರದಿದ್ರೆ ಮೈಗೆ ಬರುತ್ತಪ್ಪ. ಹತ್ತು ಮೇಲಕ್ಕೆ."

ಇವರು ವರ್ಲೀನಾ ಡಂಕ್ಲಿ. ವಯಸ್ಸು ಅರವತ್ತು ದಾಟಿದೆ. ಬೆಳಗಾದರೆ ಈ ದಂಡೆಯಲ್ಲಿ ಪಾಟಿ ಮಾರುತ್ತಾರೆ. ಖಾರದ ಮಾಂಸ ತುಂಬಿದ, ನಮ್ಮ ಕರ್ಜಿಕಾಯಿಯ ಆಕಾರದ ತಿಂಡಿ ಅದು. ಆದರೆ ಬೆಳಗಾಗುವ ಮೊದಲು ಅವರು ಬೇರೊಂದು ಕೆಲಸ ಮಾಡುತ್ತಾರೆ. ಸ್ಪ್ಯಾನಿಷ್ ಆಡುವ ದೋಣಿಗಾರರಿಗೆ ಇಂಗ್ಲಿಷ್ ಕಲಿಸುತ್ತಾರೆ. ಇಡೀ ಇಂಗ್ಲಿಷ್ ಅಲ್ಲ. ಕ್ಯಾನ್, ಮೇ, ಶುಡ್, ಮಸ್ಟ್ ಎಂಬ ನಾಲ್ಕು ಪುಟ್ಟ ಕ್ರಿಯಾಪದಗಳು, ಮತ್ತು ಅವುಗಳ ಹಿಂದೆ ಬರುವ 'ನಾಟ್'. ಅಷ್ಟೇ ಪಾಠ, ಅದೇ ಪಾಠ, ದಿನಾ ಪಾಠ. ಇದಕ್ಕೆ ಯಾವ ಸಂಸ್ಥೆಯ ಬೋರ್ಡೂ ಇಲ್ಲ, ಸಂಬಳವೂ ಇಲ್ಲ. ಯಾರೋ ಒಂದು ಗೊನೆ ಬಾಳೆ ತರುತ್ತಾರೆ, ಯಾರೋ ಮೀನು ತರುತ್ತಾರೆ. ಏನೂ ತರದವನು ಅವರ ಎಣ್ಣೆ ಬಾಣಲೆ ಉಜ್ಜಿಕೊಡುತ್ತಾನೆ.

ಪಾಠದ ರೀತಿಯೂ ಅವರದೇ. ದೋಣಿಯ ಮೂತಿಯಿಂದ ಹಿಂಬದಿಯವರೆಗೆ ಕೂರಲು ನಾಲ್ಕು ಅಡ್ಡಹಲಗೆಗಳಿವೆ. ಮುಂದಿನ ಹಲಗೆ 'ಮೇ'ಯದು, ಅಲ್ಲಿ ಕೂತವನು ಅಪ್ಪಣೆ ಕೇಳಬೇಕು. ಅದರ ಹಿಂದಿನದು 'ಕ್ಯಾನ್', ಆಗುತ್ತೆ ಆಗಲ್ಲ ಅನ್ನುವವರ ಜಾಗ. ಮೂರನೆಯದು 'ಶುಡ್', ಟೋಪಿ ಹಾಕಿಕೊಳ್ಳಿ, ನೀರು ಕುಡಿಯಿರಿ ಎಂದು ಬುದ್ಧಿ ಹೇಳುವ ಜಾಗ. ಕಟ್ಟಕಡೆಗೆ ಎಂಜಿನ್ ಪಕ್ಕದ ಹಲಗೆ. ಅದು 'ಮಸ್ಟ್', ಮಾಡಲೇಬೇಕು ಮಾಡಲೇಬಾರದು ಎಂದು ಆಜ್ಞೆ ಕೊಡುವ ಜಾಗ. ಅಲ್ಲಿ ಕೂತು ಒಂದು ಕೈಯನ್ನು ಎಂಜಿನ್ ಹಿಡಿಕೆಯ ಮೇಲಿಟ್ಟೇ ಆ ಮಾತು ಆಡಬೇಕು. ಹಿಡಿಕೆ ಬಿಟ್ಟು ಆಡಿದ ಮಸ್ಟ್ ಲೆಕ್ಕಕ್ಕಿಲ್ಲ.

"ಮುಂದಿನ ಮೂರು ಹಲಗೆ ಎಲ್ಲರೂ ಕಲೀತಾರೆ," ಎನ್ನುತ್ತಾರೆ ವರ್ಲೀನಾ. "ನಮ್ಮ ಜನಕ್ಕೆ ಕೇಳ್ಕೊಳ್ಳೋದು, ಬೇಡ್ಕೊಳ್ಳೋದು, ಒಪ್ಕೊಳ್ಳೋದು ಹುಟ್ಟಿಂದಲೇ ಬರುತ್ತೆ. ಹಿಂದಿನ ಹಲಗೆಗೆ ಬಂದ ತಕ್ಷಣ ನಾಲಿಗೆ ಬಿದ್ದುಹೋಗುತ್ತೆ. ಕೆಲವರು ಮಸ್ಟ್ ಆದಮೇಲೆ ಒಂದು 'ಟು' ಸೇರಿಸ್ತಾರೆ, ಸೇರಿಸ್ಲಿ ಬಿಡಿ. ಅದಕ್ಕೆ ದೋಣಿ ಮುಳುಗಲ್ಲ."

ದೋಣಿ ಮುಳುಗುವುದು ದಾಕ್ಷಿಣ್ಯಕ್ಕೆ. ಸ್ಪ್ಯಾನಿಷ್ ಮಾತಿನ ಈ ದೇಶದಲ್ಲಿ ಎದುರಿಗಿದ್ದವರಿಗೆ ಇಲ್ಲ ಅನ್ನುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಬಾರದ ಮದುವೆಗೂ ಬರುತ್ತೇನೆ ಅನ್ನುತ್ತಾರೆ. ದಾರಿ ಗೊತ್ತಿಲ್ಲದಿದ್ದರೂ ಕೈ ತೋರಿಸಿ ಕಳಿಸುತ್ತಾರೆ. ಆಗದ ಕೆಲಸಕ್ಕೆ 'ಈಗಲೇ ಮಾಡೋಣ' ಅನ್ನುತ್ತಾರೆ, ಆ ಈಗ ಯಾವತ್ತೂ ಬರುವುದಿಲ್ಲ. ಊರೊಳಗೆ ಇದು ನಡೆಯುತ್ತದೆ, ಯಾಕೆಂದರೆ ಕೇಳುವವನಿಗೂ ಒಳಗಿನ ಅರ್ಥ ಗೊತ್ತು. ದೂರದಿಂದ ಬಂದ ಪ್ರವಾಸಿಗೆ ಗೊತ್ತಿಲ್ಲವಲ್ಲ! ಅವನು ಹೌದು ಅಂದರೆ ಹೌದು ಎಂದೇ ತಿಳಿದು ಮೊಸಳೆ ಇರುವ ನೀರಿಗೆ ಕೈ ಇಳಿಬಿಡುತ್ತಾನೆ. ದಾಕ್ಷಿಣ್ಯಕ್ಕೆ ಬಸುರಾಗುವುದು ಅಂತ ನಾವು ನಗುತ್ತೇವೆ, ಇಲ್ಲಿ ದಾಕ್ಷಿಣ್ಯಕ್ಕೆ ಜನ ಸತ್ತಿದ್ದಾರೆ.

ಸತ್ತವರಲ್ಲಿ ವರ್ಲೀನಾರ ತಮ್ಮ ರಾಯ್ಲನ್ ಒಬ್ಬ. ರೈಲುಹಳಿ ಹಾಕಲು ಜಮೈಕಾದಿಂದ ಬಂದವರ ವಂಶ ಇವರದು. ಮನೆಮಾತೇ ಇಂಗ್ಲಿಷ್. ರಾಯ್ಲನ್ ಈ ಕಾಲುವೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಆಡುವ ದೋಣಿಗಾರನಾಗಿದ್ದ. ಒಂದು ಮಳೆಗಾಲದಲ್ಲಿ, ಕಾಲುವೆ ನದಿಗೆ ಸೇರುವ ತಿರುವಿನಲ್ಲಿ, ಭಾರೀ ಮೈಯ ಪ್ರವಾಸಿಯೊಬ್ಬ ಎದ್ದು ನಿಂತು ಫೋಟೋ ತೆಗೆಯಲಾ ಎಂದು ಕೇಳಿದ. ರಾಯ್ಲನ್ ನಗುತ್ತಾ 'ಅದಕ್ಕೇನಂತೆ' ಅಂದ. ದೋಣಿ ಮಗುಚಿತು. ಪ್ರವಾಸಿಗಳೆಲ್ಲ ಬದುಕಿದರು. ಅವರನ್ನು ಒಬ್ಬೊಬ್ಬರನ್ನಾಗಿ ದಡಕ್ಕೆ ತಳ್ಳಿದ ರಾಯ್ಲನ್ ತೇಲಿಬಂದ ಮರದ ದಿಮ್ಮಿಯ ಕೆಳಗೆ ಸಿಕ್ಕಿಹೋದ.

"ಇಂಗ್ಲಿಷ್ ಬರದೆ ಸತ್ತೋನಲ್ಲ ನನ್ನ ತಮ್ಮ," ಎನ್ನುತ್ತಾರೆ ವರ್ಲೀನಾ. "ಬೇಡ ಅನ್ನೋಕೆ ಬರದೆ ಸತ್ತ."

ಅಂದಿನಿಂದ ಅವರು ಹೊರಟ ದೋಣಿ ಹತ್ತಿಲ್ಲ. ಪಾಠವೆಲ್ಲ ಹಗ್ಗ ಕಟ್ಟಿದ ದೋಣಿಯಲ್ಲೇ. ಇವತ್ತು ಮಾತ್ರ ಹತ್ತಲೇಬೇಕಾಗಿದೆ. ಅದಕ್ಕೇ ಬೆಳಗಿನಿಂದ ಅವರ ಮಾತು ಎಂದಿಗಿಂತ ಜೋರಾಗಿದೆ, ಪಾಟಿಯ ಒಂದು ಒಬ್ಬೆ ಸೀದುಹೋಗಿದೆ.

ಕಾರಣ ಡಮಾರಿಸ್ ಒಬಾಂಡೊ. ಇವತ್ತು ಅವಳ ಪರೀಕ್ಷೆ. ಡಮಾರಿಸ್ ಬಾಳೆಕಾಯಿ ತೊಳೆದು ಪೆಟ್ಟಿಗೆಗೆ ತುಂಬುವ ಕಡೆ ವರ್ಷಗಟ್ಟಲೆ ದುಡಿದವಳು. ಕಾಯಿ ಕೊಳೆಯದಂತೆ ಬೆರೆಸುವ ಮದ್ದಿನ ನೀರಿಗೆ ಅವಳ ಬೆರಳ ಚರ್ಮ ಸುಲಿದು ಸುಲಿದು ಉಗುರು ಕಪ್ಪಾಗಿವೆ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅವರ ದೋಣಿ ದಂಡೆಯಲ್ಲಿ ಸುಮ್ಮನೆ ಕೊಳೆಯುತ್ತಿತ್ತು. ಬಣ್ಣ ಬಳಿದು, ಎಂಜಿನ್ ಬಿಚ್ಚಿ ಜೋಡಿಸಿ, ಅದನ್ನು ನೀರಿಗಿಳಿಸಿದವಳು ಇವಳೇ. ಆದರೆ ಪ್ರವಾಸಿಗಳನ್ನು ಕೂರಿಸಲು ದೋಣಿಗಾರರ ಸಂಘದ ಒಪ್ಪಿಗೆ ಬೇಕು. ಸಂಘದ ಪರೀಕ್ಷೆಯಲ್ಲಿ ಒಮ್ಮೆ ಸೋತಿದ್ದಾಳೆ. ಎರಡನೇ ಸಲ ಸೋತರೆ ದಂಡೆಯ ಸಾಲಿನಲ್ಲಿ ಅವಳಪ್ಪನಿಗಿದ್ದ ಜಾಗ ಬೇರೆಯವರ ಪಾಲಾಗುತ್ತದೆ. ಅವಳು ಮತ್ತೆ ಮದ್ದಿನ ತೊಟ್ಟಿಗೇ ಕೈ ಹಾಕಬೇಕು.

ಮೊದಲ ಸಲ ಅವಳು ಸೋತ ಕಥೆಯನ್ನು ದಂಡೆಯಲ್ಲಿ ಇವತ್ತಿಗೂ ಹೇಳಿ ನಗುತ್ತಾರೆ. ಪರೀಕ್ಷಕರು ಪ್ರವಾಸಿಯ ವೇಷದಲ್ಲಿ ಕೂರುವುದು ಇಲ್ಲಿಯ ರೂಢಿ. 'ಸೆಖೆ ಆಗ್ತಿದೆ, ಇಲ್ಲೇ ಈಜಲಾ?' ಎಂದು ಅವರು ಕೇಳಿದರು. ಡಮಾರಿಸ್ 'ಆಮೇಲೆ ನೋಡೋಣ' ಅಂದಳು. ಅವರು ಅಂಗಿ ಬಿಚ್ಚಿದರು. ಡಮಾರಿಸ್ ಅದನ್ನು ಮಡಚಿ ಇಟ್ಟುಕೊಂಡಳು!

"ಮಡಚಿಟ್ಟೆ ಟೀಚರ್, ಇನ್ನೇನು ಮಾಡ್ಲಿ? ನಮ್ಮಪ್ಪನ ವಯಸ್ಸಿನೋರು. ಅವರಿಗೆ ಕೂತ್ಕೋ ನಿಂತ್ಕೋ ಅನ್ನೋಕೆ ನಾನ್ಯಾರು?"

"ನೀನು ದೋಣಿ ನಡೆಸೋಳು. ಅಷ್ಟು ಸಾಕು."

ಆಮೇಲೆ ತಿಂಗಳುಗಟ್ಟಲೆ ಅಭ್ಯಾಸ ನಡೆದಿದೆ. ವರ್ಲೀನಾ ಪ್ರವಾಸಿಯಾಗಿ ಗೋಗರೆದಿದ್ದಾರೆ, ಗದರಿದ್ದಾರೆ, ದುಡ್ಡಿನ ಆಸೆ ತೋರಿಸಿದ್ದಾರೆ, ಸುಳ್ಳು ಅಳು ಅತ್ತಿದ್ದಾರೆ. ಡಮಾರಿಸ್ ಹಿಂದಿನ ಹಲಗೆಯಲ್ಲಿ ಕೂತು, ಹಿಡಿಕೆ ಹಿಡಿದು, ಮುಂದಿನ ಹಲಗೆಯ ಮಾತನ್ನೇ ಆಡಿದ್ದಾಳೆ. ನೀರಿಗೆ ಬಿದ್ದು ಬಿದ್ದು ಅವಳಿಗೆ ನೆಗಡಿ ಬಿಟ್ಟಿಲ್ಲ. ಇಂಗ್ಲಿಷೇನೋ ಸರಾಗವಾಗಿದೆ, ಕೊರಳು ಮಾತ್ರ ಗಟ್ಟಿಯಾಗಿಲ್ಲ. ನಿನ್ನೆಯವರೆಗೂ ಒಂದೇ ಒಂದು ಸಲವೂ ಅವಳು ಟೀಚರನ್ನು ಕೂರಿಸಿದ್ದಿಲ್ಲ.

ಸಂಘದಲ್ಲಿ ಹಳೆಯದೊಂದು ಕಟ್ಟಳೆಯಿದೆ. ಪರೀಕ್ಷೆಗೆ ಹೊರಟವರ ಪರವಾಗಿ ಒಬ್ಬರು ಜಾಮೀನು ನಿಲ್ಲಬೇಕು. ಬಾಯಿಮಾತಿನ ಜಾಮೀನಲ್ಲ. ಅದೇ ದೋಣಿಯ ಮೂತಿಯಲ್ಲಿ ಕೂತು ಹೋಗಿ ಬರಬೇಕು, ಮತ್ತು ಹೊರಟಲ್ಲಿಂದ ಮರಳುವವರೆಗೆ ತುಟಿ ಬಿಚ್ಚಬಾರದು. ಇವರ ಕೈಗೆ ನನ್ನ ಜೀವ ಕೊಟ್ಟಿದ್ದೇನೆ ಎಂದು ತೋರಿಸುವುದು ಅದರ ಅರ್ಥ. ಟಾನೊನಂಥವರಿಗೆ ಅಪ್ಪನೋ ಮಾವನೋ ಕೂರುತ್ತಾರೆ. ಡಮಾರಿಸಳ ಅಪ್ಪ ಹಾಸಿಗೆಯಿಂದ ಏಳಲಾರರು.

"ಟೀಚರ್, ನೀವು ಕಷ್ಟಪಡ್ಬೇಡಿ," ಎನ್ನುತ್ತಾಳೆ ಡಮಾರಿಸ್, ದೋಣಿಯ ಹಗ್ಗ ಬಿಚ್ಚುತ್ತಾ. "ಬೇರೆ ಯಾರನ್ನಾದ್ರೂ ಕೇಳ್ತೀನಿ."

"ಕೇಳ್ತೀಯ, ಅವರು ಬರ್ತೀನಿ ಅಂತಾರೆ, ಬರಲ್ಲ. ನಮ್ಮೂರಿನ ಬರ್ತೀನಿ ಗೊತ್ತಿಲ್ವಾ ನಿಂಗೆ?" ವರ್ಲೀನಾ ಮುಂದಿನ ಹಲಗೆಗೆ ಕಾಲಿಡುತ್ತಾರೆ. ಹೆದರಿಕೆ ಮುಚ್ಚಿಡಲು ಅವರು ಬೂಟನ್ನೇ ಬೈಯುತ್ತಾರೆ.

ಪರೀಕ್ಷಕರು ದೊನ್ ಎವೆಲಿಯೊ, ಅಂದರೆ ಎವೆಲಿಯೊ ರಾಯರು, ಸಂಘದ ಹಿರಿಯ ದೋಣಿಗಾರರು. ಹೂವಿನ ಚಿತ್ರದ ಅಂಗಿ, ಕೊರಳಲ್ಲಿ ಕ್ಯಾಮೆರಾ, ಥೇಟ್ ಪ್ರವಾಸಿ. ಅವರು ನಡುವಿನ ಹಲಗೆಯಲ್ಲಿ ಕೂತು ಇನ್ನು ಮುಂದೆ ಇಂಗ್ಲಿಷ್ ಮಾತ್ರ ಎಂದು ಸನ್ನೆ ಮಾಡುತ್ತಾರೆ. ವರ್ಲೀನಾ ಹಿಂದಕ್ಕೆ ತಿರುಗಿ, ದೋಣಿ ನಡೆಸುವವಳ ಮುಖ ಕಾಣುವಂತೆ ಕೂರುತ್ತಾರೆ. ಎರಡೂ ಕೈಯಿಂದ ಹಲಗೆಯ ಅಂಚು ಹಿಡಿದಿದ್ದಾರೆ. ದಂಡೆಯಲ್ಲಿ ಟಾನೊ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾನೆ. ದೋಣಿ ಹೊರಡುತ್ತದೆ.

ರಾತ್ರಿ ಬೆಟ್ಟದಲ್ಲಿ ಮಳೆಯಾಗಿದೆ. ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿದೆ, ಕೊಂಬೆ, ತೆಂಗಿನಕಾಯಿ, ಬಾಳೆದಿಂಡು ತೇಲಿಬರುತ್ತಿವೆ. ಮೊದಲ ಮೈಲಿ ಸುಸೂತ್ರ. ಡಮಾರಿಸ್ ಮರದಲ್ಲಿ ತಲೆಕೆಳಗಾಗಿ ನೇತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯನ್ನು ತೋರಿಸುತ್ತಾಳೆ, ಬಿಸಿಲಿಗೆ ಟೋಪಿ ಹಾಕಿಕೊಳ್ಳುವುದು ಒಳ್ಳೆಯದು ಎನ್ನುತ್ತಾಳೆ. 'ಶುಡ್' ಸರಿಯಾದ ಜಾಗಕ್ಕೆ ಬಿದ್ದಿದೆ. ವರ್ಲೀನಾರ ಬೆರಳು ಸ್ವಲ್ಪ ಸಡಿಲವಾಗುತ್ತದೆ.

ಆಗ ದೊನ್ ಎವೆಲಿಯೊ ನೀರಿಗೆ ಕೈ ಇಳಿಬಿಡುತ್ತಾರೆ. "ಆಹಾ, ತಣ್ಣಗಿದೆ. ಹೀಗೇ ಇಟ್ಕೊಳ್ಳಲಾ?"

ಡಮಾರಿಸ್ ಆ ಕೈಯನ್ನೇ ನೋಡುತ್ತಾಳೆ. "ಸರ್... ಮೊಸಳೆ ಇರಬಹುದು."

"ನಂಗೆ ಭಯ ಇಲ್ಲ. ಇಟ್ಕೊಳ್ಳಲಾ?"

"ಇಟ್ಕೊಳ್ದೇ ಇದ್ರೆ... ಒಳ್ಳೇದೇನೋ ಸರ್."

ಏನೋ! ವರ್ಲೀನಾ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾಲಿಗೆಯ ತುದಿಯಲ್ಲಿ ಮಾತು ಕುದಿಯುತ್ತಿದೆ. 'ಹಿಡಿಕೆ ಹಿಡ್ಕೊಂಡಿದೀಯಲ್ಲೇ ಹುಡುಗಿ, ಹೇಳೇ!' ಎಂದು ಕೂಗಬೇಕೆನ್ನಿಸುತ್ತದೆ. ಕೂಗಿದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ದೊನ್ ಎವೆಲಿಯೊ ನಿಧಾನವಾಗಿ ಕೈ ಮೇಲೆತ್ತಿ ಒರೆಸಿಕೊಳ್ಳುತ್ತಾರೆ. ಅವರ ಮುಖದಲ್ಲಿ ಕೋಪವಿಲ್ಲ, ಬೇಸರವಿದೆ. ಡಮಾರಿಸಳ ಕಣ್ಣಲ್ಲಿ ನೀರು ತುಂಬಿದೆ, ಆದರೆ ದೃಷ್ಟಿ ಮಾತ್ರ ನೀರಿನ ದಾರಿಯ ಮೇಲಿದೆ.

ಮುಂದೆ ಆ ತಿರುವು. ಕಾಲುವೆಗೆ ನದಿ ಬಂದು ಬಡಿಯುವ ಜಾಗ. ದೋಣಿ ಅಡ್ಡಡ್ಡ ಎಳೆದಾಡತೊಡಗುತ್ತದೆ. ಎಷ್ಟೋ ವರ್ಷಗಳಾದ ಮೇಲೆ ವರ್ಲೀನಾ ಇಲ್ಲಿಗೆ ಬಂದಿದ್ದಾರೆ. ನೋಡಬಾರದು ಎಂದುಕೊಂಡೇ ಕತ್ತು ತಿರುಗಿಸಿ ನೋಡುತ್ತಾರೆ. ನೋಡಿದರೆ, ನದಿಯ ಕಡೆಯಿಂದ ಬುಡಸಮೇತ ಕಿತ್ತ ಮರವೊಂದು ಉರುಳುತ್ತಾ ಬರುತ್ತಿದೆ. ಅರ್ಧ ನೀರಲ್ಲಿ, ಅರ್ಧ ಮೇಲೆ.

ಬಾಯಿ ಬಿಡುವಂತಿಲ್ಲ. ಜೀವ ತಡೆಯುವುದಿಲ್ಲ. ವರ್ಲೀನಾ ಎದ್ದು ನಿಲ್ಲುತ್ತಾರೆ.

ಎರಡೂ ಕೈ ಬೀಸಿ ಮರದ ಕಡೆ ತೋರಿಸುತ್ತಾರೆ. ಆ ಭಾರಕ್ಕೆ ದೋಣಿಯ ಮೂತಿ ತಗ್ಗುತ್ತದೆ, ಪಕ್ಕ ವಾಲುತ್ತದೆ, ನೀರು ಒಳಗೆ ಚಿಮ್ಮುತ್ತದೆ. ದೊನ್ ಎವೆಲಿಯೊ ವೇಷ ಮರೆತು ಸ್ಪ್ಯಾನಿಷಿನಲ್ಲಿ ದೇವರ ತಾಯಿಯನ್ನು ಕರೆಯುತ್ತಾರೆ. ಕಟ್ಟಿದ ದೋಣಿಯನ್ನು ಆಟಕ್ಕೆ ಅಲ್ಲಾಡಿಸುವ ಹೆಂಗಸು, ಹರಿಯುವ ನೀರಿನಲ್ಲಿ ತಾನೇ ಅದನ್ನು ಮಗುಚುವಂತೆ ನಿಂತಿದ್ದಾರೆ. ಅದು ಅವರಿಗೆ ಗೊತ್ತೇ ಆಗುತ್ತಿಲ್ಲ.

ಎಂಜಿನ್ ಸದ್ದು ಒಮ್ಮೆಲೇ ತಗ್ಗುತ್ತದೆ. ಆಮೇಲೆ ಒಂದು ಕೊರಳು ಕೇಳಿಸುತ್ತದೆ. ಕಿರುಚಾಟವಲ್ಲ, ಬೇಡಿಕೆಯೂ ಅಲ್ಲ.

"ಟೀಚರ್. ಯೂ ಮಸ್ಟ್ ಸಿಟ್ ಡೌನ್. ನೌ."

ವರ್ಲೀನಾ ಕೂರುತ್ತಾರೆ. ಮಂಡಿನೋವು, ಬೂಟು, ಭಯ ಯಾವುದೂ ಅಡ್ಡ ಬರುವುದಿಲ್ಲ. ಆ ಮಾತು ಬಂದಿದ್ದೇ ತಡ, ಮೈ ತಾನಾಗಿ ಹಲಗೆಗೆ ಕುಕ್ಕರಿಸುತ್ತದೆ. ದೋಣಿ ನೆಟ್ಟಗಾಗುತ್ತದೆ. "ಸರ್, ನೀವೂ. ಹಲಗೆ ಹಿಡ್ಕೊಳ್ಳಿ," ಎಂದು ಡಮಾರಿಸ್ ಅದೇ ಕೊರಳಲ್ಲಿ ಹೇಳುತ್ತಾಳೆ, ಅದೂ ಇಂಗ್ಲಿಷಿನಲ್ಲೇ. ದೊನ್ ಎವೆಲಿಯೊ ಹಿಡಿದುಕೊಳ್ಳುತ್ತಾರೆ. ಅವಳು ದೋಣಿಯನ್ನು ದಡದ ಹುಲ್ಲಿಗೆ ತಾಗಿಸಿ ನಿಲ್ಲಿಸುತ್ತಾಳೆ. ಮರ ಬೇರುಗಳನ್ನು ಎತ್ತಿಕೊಂಡು, ಅವರು ಇದ್ದ ಜಾಗದ ಮೇಲೆಯೇ ಹಾದು ಸಮುದ್ರದ ಕಡೆ ಹೋಗುತ್ತದೆ. ಮೂವರೂ ಅದು ಮರೆಯಾಗುವವರೆಗೆ ನೋಡುತ್ತಾರೆ.

ದಂಡೆಗೆ ಮರಳಿದ ಮೇಲೆ ಮೊದಲು ಬಾಯಿ ಬಿಟ್ಟವರು ವರ್ಲೀನಾ. "ಮರ ಬರ್ತಿತ್ತು ಕಣೇ! ನಿಂಗೆ ಕಂಡಿಲ್ಲ ಅಂದ್ಕೊಂಡೆ!"

"ನಂಗೆ ಮೊದಲೇ ಕಂಡಿತ್ತು ಟೀಚರ್. ಪಕ್ಕಕ್ಕೆ ತಗೋತಾ ಇದ್ದೆ. ನೀವು ಎದ್ದು ನಿಂತ್ರಲ್ಲ, ಆಗ ಕಾಣ್ಲಿಲ್ಲ. ಪೂರ್ತಿ ದಾರಿ ಮುಚ್ಚಿಬಿಟ್ರಿ." ಹೇಳಿದ ಮೇಲೆ ಡಮಾರಿಸಳ ಧೈರ್ಯವೆಲ್ಲ ಇಳಿದುಹೋಗುತ್ತದೆ. "ಟೀಚರ್, ತಪ್ಪು ತಿಳ್ಕೋಬೇಡಿ. ಹಾಗೆ ಅನ್ನಬಾರದಿತ್ತು. ತಾಯಿ ಸಮಾನ ನೀವು..."

"ಬಾಯ್ಮುಚ್ಚು. ಆಡಿದ ಮಾತು ವಾಪಸ್ ತಗೊಂಡ್ಯೋ, ನೀರಿಗೆ ತಳ್ತೀನಿ."

ದೊನ್ ಎವೆಲಿಯೊ ಒದ್ದೆ ಅಂಗಿ ಹಿಂಡಿಕೊಳ್ಳುತ್ತಾ ಬರುತ್ತಾರೆ. ಜಾಮೀನುದಾರರು ಕಟ್ಟಳೆ ಮುರಿದಿದ್ದಾರೆ ಎಂದು ಅವರು ಅಂದರೆ ಅಂದಂತೆಯೇ ಆಗುತ್ತದೆ. ಡಮಾರಿಸ್ ಕಪ್ಪು ಉಗುರಿನ ಬೆರಳುಗಳನ್ನು ಒಂದರೊಳಗೊಂದು ಹೆಣೆದು ನಿಂತಿದ್ದಾಳೆ.

"ಕಟ್ಟಳೆಯಲ್ಲಿ ಇರೋದು ಮಾತಾಡಬಾರದು ಅಂತ," ಎನ್ನುತ್ತಾರೆ ಅವರು. "ವರ್ಲೀನಮ್ಮ ಮಾತಾಡಲಿಲ್ಲ. ನಮ್ಮನ್ನ ಮುಳುಗಿಸೋಕೆ ನೋಡಿದ್ರು ಅಷ್ಟೇ." ಆಮೇಲೆ ಡಮಾರಿಸಳ ಕಡೆ ತಿರುಗುತ್ತಾರೆ. "ನೀರಿಗೆ ಕೈ ಬಿಟ್ಟಾಗ ನಿನ್ನನ್ನ ಮನೆಗೆ ಕಳಿಸೋದು ಅಂತಲೇ ತೀರ್ಮಾನ ಮಾಡಿದ್ದೆ. ಆದ್ರೆ ನಿನ್ನ ಮಾತಿಗೆ ಈ ಹೆಂಗಸೇ ಕೂತ್ರು ಅಂದ್ಮೇಲೆ ಇನ್ಯಾರು ಕೂರಲ್ಲ ಹೇಳು? ನಾಳೆಯಿಂದ ನಿಮ್ಮಪ್ಪನ ಜಾಗದಲ್ಲಿ ದೋಣಿ ನಿಲ್ಲಿಸಮ್ಮ. ಮುಂದಿನ ಸಲ ಕೈ ಬಿಟ್ಟವನಿಗೂ ಹಾಗೇ ಹೇಳು."

ಟಾನೊ ಶಿಳ್ಳೆ ಹೊಡೆಯುತ್ತಾನೆ. ಯಾರೋ ಬಿಸಿ ಬೆಲ್ಲದ ನೀರು ತಂದುಕೊಡುತ್ತಾರೆ. ಡಮಾರಿಸ್ ಅಪ್ಪನಿಗೆ ಸುದ್ದಿ ಹೇಳಲು ಓಡುತ್ತಾಳೆ, ಅರ್ಧ ದಾರಿಯಿಂದ ಓಡಿ ಬಂದು ಟೀಚರನ್ನು ತಬ್ಬಿಕೊಂಡು ಮತ್ತೆ ಓಡುತ್ತಾಳೆ. ವರ್ಲೀನಾ ಬುಟ್ಟಿಯ ಮುಂದೆ ಕೂತು ಸೀದ ಪಾಟಿಗಳನ್ನು ಬೇರೆ ಮಾಡುತ್ತಾರೆ.

ಇನ್ನು ದೋಣಿ ಹತ್ತುತ್ತೀರಾ ಎಂದು ಕೇಳಿದರೆ ಅವರು ತಲೆಯಾಡಿಸುತ್ತಾರೆ. "ಹೆದರಿಕೆ ಹೋಗಿಲ್ಲ. ಸುಳ್ಳು ಯಾಕೆ ಹೇಳ್ಲಿ? ನನ್ನ ಜಾಗ ಕಟ್ಟಿದ ದೋಣಿಯಲ್ಲೇ." ಆಮೇಲೆ ನದಿಯ ಕಡೆ ನೋಡುತ್ತಾ ಹೇಳುತ್ತಾರೆ: "ನಮ್ಮ ರಾಯ್ಲನ್ ಒಳ್ಳೇ ಹುಡುಗ. ಯಾರ ಮನಸ್ಸನ್ನೂ ನೋಯಿಸ್ತಿರಲಿಲ್ಲ. ಅವನು ಹಿಡಿದಿದ್ದ ಹಿಡಿಕೆನ ಇವತ್ತು ಈ ಹುಡುಗಿ ಹಿಡಿದಿದ್ಲು ಅನ್ನಿಸ್ತು ನಂಗೆ, ಅದೇ ಜಾಗದಲ್ಲಿ."

ಅಷ್ಟರಲ್ಲಿ ಪ್ರವಾಸಿಗಳ ಮೊದಲ ಬಸ್ಸು ದಂಡೆಗೆ ಬಂದು ನಿಲ್ಲುತ್ತದೆ. ವರ್ಲೀನಾ ಎದ್ದು ಗುಲಾಬಿ ಕನ್ನಡಕ ಏರಿಸಿಕೊಳ್ಳುತ್ತಾರೆ, ಬುಟ್ಟಿಯ ಬಟ್ಟೆ ಸರಿಸುತ್ತಾರೆ. ಎದುರು ಬಂದ ದೋಣಿಗಾರರಿಗೆಲ್ಲ ಅವರು ಒಂದೇ ಸುದ್ದಿ ಹೇಳುತ್ತಿದ್ದಾರೆ. ಪರೀಕ್ಷೆಯ ಮಾತಿಲ್ಲ, ಮರದ ಮಾತೂ ಇಲ್ಲ.

"ಕೇಳಿದ್ಯಾ? ಇವತ್ತು ನನ್ನನ್ನ ಕೂರಿಸಿಬಿಟ್ಲು ಕಣೋ."